ಅಪ್‌ಡೇಟ್: 2021ರ ಕೊರೊನಾ ಲಾಕ್‌ಡೌನ್‌ನ್ಯಾಗ ತಂಗಿ ಮದುವಿ ಝೂಮ್‌ನ್ಯಾಗ ಚಂದಂಗ ಆತ್ರಿ

ಹೋದ ವಾರ ನಿಮ್ಮನ್ನ ಕೇಳಿದ್ನಲ್ಲಾ, ಲಾಕ್‌ಡೌನ್‌ನ್ಯಾಗ 40 ಮಂದಿಗಷ್ಟ ಪರ್ಮಿಷನ್ ಐತಿ, ಉಳದ ಬೀಗರಿಗೆ ತಂಗಿ ಮದುವಿ ಆನ್‌ಲೈನ್ ಹೆಂಗ ತೋರಸೋದು ಅಂತ. ನಿನ್ನೆ ವಿಜಯಪುರದಾಗ ನಮ್ಮ ಮನಿ ಅಂಗಳದಾಗನ ಮುಗೀತ್ರಿ.

ಝೂಮ್ ಫ್ರೀ ಪ್ಲಾನ್ 40 ನಿಮಿಷಕ್ಕ ಕಟ್ ಆಗತೈತಿ ಅಂತ ನೀವು ಹೇಳಿದ್ದು ಭಾಳ ಉಪಯೋಗ ಆತು, ಅದಕ್ಕ ಅರಿಷಿಣ ಸುರಗಿ ಶಾಸ್ತ್ರ ಎಲ್ಲಾ ತೋರಸೋದು ಬಿಟ್ಟು ಅಕ್ಕಿಕಾಳಿಗೆ (ಅಕ್ಷತಿ ಹಾಕೋ ಹೊತ್ತಿಗೆ) 10 ನಿಮಿಷ ಮೊದಲ ಹೊಸಾ ಲಿಂಕ್ ಚಾಲೂ ಮಾಡಿ, ಎಲ್ಲಾರನೂ ಮ್ಯೂಟ್ ಇಟ್ವಿ. ನಡುವ ಕರೆಂಟ್ ಹೋತು, ಮೊಬೈಲ್ ಡೇಟಾ ಕೈ ಬಿಡಲಿಲ್ಲ.

ಬಾಗಲಕೋಟಿ ಆಯಿ (ಅಜ್ಜಿ) ಅಲ್ಲೇ ಕುಂತು ಫೋನಿನ ಮ್ಯಾಲನ ಅಕ್ಕಿಕಾಳು ಹಾಕಿ ಅತ್ಳ್ರಿ, ತಂಗೀನೂ ತಡಕೊಳ್ಳಲಿಲ್ಲ, "ಮುಟ್ಟೇತಿ ಆಯಿ" ಅಂದ್ಳು. ಲಾಕ್‌ಡೌನ್ ತಗದ ಕೂಡ್ಲೆ ಮೊದಲ ಮಾದ್ಲಿ (ಗೋಧಿ-ಬೆಲ್ಲದ ಸಿಹಿ) ಡಬ್ಬಿ ಆಯಿ ಮನಿಗೇನ ಒಯ್ಯೋದು.