ಬಿಸಿಯಾದ್ಮೇಲೆ ಲಿಫ್ಟ್ ಏಳಲ್ಲ, ಎರಡನೇ ಗೇರ್ ಹಾರುತ್ತೆ: ಹಳೇ ಟ್ರ್ಯಾಕ್ಟರ್‌ಗೆ ಏನು ಮಾಡ್ಬೇಕು?

ಕೇಳಿದ್ದು (ಮಂಡ್ಯ ಕಡೆಯಿಂದ): 35 ಎಚ್‌ಪಿ, ಇಪ್ಪತ್ತೈದು ವರ್ಷದ ಗಾಡಿ. ಫರ್ಗ್ಯೂಸನ್ ಪದ್ಧತಿ, ಅಂದ್ರೆ ಪಂಪು ಹಿಂದಿನ ಹೌಸಿಂಗ್ ಒಳಗೆ ಆಯಿಲ್‌ನಲ್ಲೇ ಮುಳುಗಿರುತ್ತೆ, ಗೇರಿಗೂ ಲಿಫ್ಟಿಗೂ (ಹಿಂದಿನ ಉಪಕರಣ ಎತ್ತೋ ಹೈಡ್ರಾಲಿಕ್) ಒಂದೇ ಆಯಿಲ್. ಬೆಳಿಗ್ಗೆ ಕಲ್ಟಿವೇಟರ್ ಸರಿಯಾಗಿ ಏಳುತ್ತೆ. ಗಂಟೆ ಉಳುಮೆ ಆದ್ಮೇಲೆ ಏಳಲ್ಲ, ಎತ್ತಿ ನಿಲ್ಲಿಸಿದ್ರೆ ತಲೆ ಆಡಿಸ್ತಾ ಇರುತ್ತೆ. ಇಂಜಿನ್ ಆಫ್ ಮಾಡಿದ್ರೆ ಐದು ನಿಮಿಷಕ್ಕೆ ನೆಲಕ್ಕೆ ಇಳಿಯುತ್ತೆ. ಇಳಿಜಾರಲ್ಲಿ ಎರಡನೇ ಗೇರ್ ಹಾರುತ್ತೆ. ಡಿಪ್‌ಸ್ಟಿಕ್ ತೆಗೆದ್ರೆ ಆಯಿಲ್ ಹಾಲು ಬೆರೆಸಿದ ಚಹಾ ಥರ ಇದೆ. ಹೊಸ ಪಂಪ್ ಹಾಕಿ ಅಂತಿದ್ದಾರೆ. ಹಾಕ್ಲಾ?

ಗಂಗಾವತಿಯಿಂದ: ಈಗ್ಲೇ ಪಂಪ್ ತರಬ್ಯಾಡ್ರಿ. ಮೊದಲು ಆಯಿಲ್ ನೋಡ್ರಿ. ಗಾಜಿನ ಬಾಟ್ಲಿಗೆ ಅರ್ಧ ತುಂಬಿ ರಾತ್ರಿ ಇಡ್ರಿ. ಬೆಳಿಗ್ಗೆ ತಿಳಿಯಾಗಿ ಬಂಗಾರದ ಬಣ್ಣಕ್ಕೆ ಬಂದ್ರೆ ಒಳಗಿದ್ದದ್ದು ಗಾಳಿ: ಲೆವೆಲ್ ಕಮ್ಮಿ ಇದೆ ಅಥವಾ ಪಂಪು ಎಳಕೊಳ್ಳೋ ಕಡೆ ಗಾಳಿ ಸೇರ್ತದ. ಹಾಗೇ ಮಸುಕಾಗಿದ್ರೆ ನೀರು. ಇನ್ನೊಂದು ಪರೀಕ್ಷೆ: ಕಾದ ಕಬ್ಬಿಣದ ತಗಡಿನ ಮ್ಯಾಲೆ ನಾಲ್ಕು ಹನಿ ಬಿಡ್ರಿ. ಚಟಚಟ ಅಂದ್ರ ನೀರೇ. ಮುಖ ದೂರ ಇರ್ಲಿ, ಸಿಡೀತದ.

ಕೆಸರುಗದ್ದೆ ಗಾಡಿಗೆ ನೀರು ಹೋಗೋದು ಬಹಳ ಸಲ ಗೇರ್ ಲಿವರ್‌ನ ಹರಿದ ರಬ್ಬರ್ ಬೂಟಿಂದ, ಇಲ್ಲಾ ಹಿಂದಿನ ಆಕ್ಸಲ್ ಸೀಲಿಂದ. ಬೂಟು ಬದಲಿಸದೆ ಆಯಿಲ್ ಬದಲಿಸಿದ್ರ ಒಂದೇ ಮಳೆಗೆ ಮತ್ತೆ ಚಹಾ. ಗಾಡಿ ಬಿಸಿ ಇದ್ದಾಗ ಇಳಿಸ್ರಿ. ಗೇರ್‌ಬಾಕ್ಸ್ ಅಡಿಯದು, ಹಿಂದಿನ ಹೌಸಿಂಗ್ ಅಡಿಯದು, ಎಲ್ಲಾ ಡ್ರೈನ್ ಪ್ಲಗ್ ಬಿಚ್ಚಬೇಕು. ಒಂದೇ ಬಿಚ್ಚಿದ್ರ ನೀರು ಇನ್ನೊಂದು ಗುಂಡಿಯಾಗ ಉಳೀತದ. ಈ ಅಳತೆ ಗಾಡಿಗೆ ಸುಮಾರು 30 ಲೀಟರ್ ಹಿಡೀತದ, ಆದ್ರ ಡಿಪ್‌ಸ್ಟಿಕ್ ಗೆರೆನೇ ಕೊನೇ ಮಾತು. ಮೊದಲ ಸಲ ಅಗ್ಗದ ಆಯಿಲ್ ಹಾಕಿ ಒಂದು ದಿನ ಹಗುರ ಕೆಲ್ಸ ಮಾಡಿ ಇಳಿಸ್ರಿ, ಆಮ್ಯಾಲೆ ಪುಸ್ತಕದಾಗ ಹೇಳಿದ್ದು ಹಾಕ್ರಿ. ಡೀಸೆಲ್ ಹಾಕಿ ತೊಳೀತೀವಿ ಅಂತ ಇಂಜಿನ್ ಓಡಿಸೋದು ನನಗೆ ಸರಿ ಕಾಣಲ್ಲ, ಪಂಪಿಗೆ ಬೇಕಾದ ಜಾರು ಅದ್ರಾಗ ಇಲ್ಲ.

ಪ್ಲಗ್ಗಿನ ತುದೀನೂ ನೋಡ್ರಿ. ಬೂದು ಬಣ್ಣದ ನುಣ್ಣನೆ ಕೆಸರು ಇದ್ರ ಸಹಜ ಸವೆತ. ಹೊಳೆಯೋ ಹಳದಿ ಚೂರು ಇದ್ರ ಬುಶ್ ಅಥವಾ ಥ್ರಸ್ಟ್ ವಾಷರ್ (ತಿರುಗೋ ಭಾಗಗಳ ನಡುವಿನ ಹಳದಿ ಲೋಹದ ಬಳೆ) ಸವೀತದ. ಉಗುರಿನಷ್ಟು ಉಕ್ಕಿನ ತುಂಡು ಸಿಕ್ಕರೆ ಗಾಡಿ ಅಲ್ಲೇ ನಿಲ್ಲಿಸ್ರಿ.

ದಾವಣಗೆರೆಯಿಂದ: ಆಯಿಲ್ ಮಾತು ಒಪ್ಪಿದೆ. ಲಿಫ್ಟ್ ಬಗ್ಗೆ ಹೇಳ್ತೀನಿ. ಇಂಜಿನ್ ನಿಂತಾಗ ಪಂಪೂ ನಿಂತಿರುತ್ತೆ. ಆಗಲೂ ಕಲ್ಟಿವೇಟರ್ ಇಳೀತಿದೆ ಅಂದ್ರೆ ಎತ್ತಿ ಹಿಡಿದ ಆಯಿಲ್ ಎಲ್ಲೋ ಸೋರ್ತಿದೆ. ಪಂಪಿನ ಪಿಸ್ಟನ್ ಸವೆದಿದೆ ಅನ್ನೋಕೆ ಅದು ಸಾಕ್ಷಿ ಅಲ್ಲ. ತಲೆ ಆಡಿಸೋದೂ ಅದಕ್ಕೇ: ಸೋರಿ ಸ್ವಲ್ಪ ಇಳಿಯುತ್ತೆ, ಕಂಟ್ರೋಲ್ ವಾಲ್ವ್ ತೆರೆದು ಮತ್ತೆ ಎತ್ತುತ್ತೆ, ಮತ್ತೆ ಇಳಿಯುತ್ತೆ. ಬಿಸಿಗೆ ಆಯಿಲ್ ತೆಳುವಾದಾಗ ಸೋರಿಕೆ ಜಾಸ್ತಿ, ಅದಕ್ಕೇ ಮಧ್ಯಾಹ್ನದ ಹೊತ್ತಿಗೆ ಕೈ ಕೊಡುತ್ತೆ. ಇದರ ಉಲ್ಟಾ, ಬೆಳಿಗ್ಗೆ ನಿಧಾನ, ಬಿಸಿಯಾದ್ಮೇಲೆ ಚುರುಕು ಅಂತಿದ್ರೆ ಸ್ಟ್ರೈನರ್ (ಆಯಿಲ್ ಸೋಸೋ ಜಾಲರಿ) ಕಟ್ಟಿದೆ ಅಥವಾ ಆಯಿಲ್ ತುಂಬಾ ಗಟ್ಟಿ ಅನ್ನಬಹುದಿತ್ತು.

ಸೋರೋ ಜಾಗ ಕಣ್ಣಾರೆ ನೋಡಬಹುದು. ಗಾಡಿ ಗಟ್ಟಿ ನೆಲದ ಮೇಲೆ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಬಲಬದಿ ಕವರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬರೋಷ್ಟು ಆಯಿಲ್ ಇಳಿಸಿ, ಕವರ್ ತೆಗೆಯಿರಿ. ಟಾರ್ಚ್ ಬಿಟ್ಟು, ಇಂಜಿನ್ ಸಣ್ಣ ಆರ್‌ಪಿಎಮ್‌ನಲ್ಲಿ, ಕ್ಲಚ್ ಪೂರ್ತಿ ಬಿಟ್ಟು (ಪೂರ್ತಿ ಒತ್ತಿದ್ರೆ ಪಂಪ್ ನಿಲ್ಲುತ್ತೆ) ಭಾರ ಎತ್ತಿಸಿ ನೋಡಿ.

ಪಂಪಿಂದ ಲಿಫ್ಟ್ ಸಿಲಿಂಡರಿಗೆ ಆಯಿಲ್ ಒಯ್ಯೋ ನಿಂತ ಕೊಳವೆಯ, ಅಂದ್ರೆ ಸ್ಟ್ಯಾಂಡ್‌ಪೈಪ್‌ನ ಬುಡದಲ್ಲೋ ತಲೆಯಲ್ಲೋ ಚಿಮ್ಮಿದ್ರೆ ಓ-ರಿಂಗ್ (ರಬ್ಬರ್ ಬಳೆ) ಹೋಗಿದೆ. ನಿಮ್ಮ ಲಕ್ಷಣಕ್ಕೆ ನಾನು ಮೊದಲು ಅನುಮಾನಿಸೋದು ಇದನ್ನೇ, ಇದೇ ಅಗ್ಗದ್ದೂ ಹೌದು. ಮೇಲಿನ ಕ್ಯಾಪ್ ಬಿಚ್ಚಿ ಕೊಳವೆಯನ್ನ ಮೇಲಕ್ಕೆಳೆದ್ರೆ ಬರುತ್ತೆ, ಲಿಫ್ಟ್ ಕವರ್ (ಸಿಲಿಂಡರ್ ಇರೋ ಮೇಲಿನ ಮುಚ್ಚಳ) ಇಳಿಸೋದು ಬೇಡ. ಸಿಲಿಂಡರಿನ ತೆರೆದ ಬಾಯಿಂದ ಸುರಿದ್ರೆ ಪಿಸ್ಟನ್ ರಿಂಗ್, ಅದಕ್ಕೆ ಲಿಫ್ಟ್ ಕವರ್ ಇಳಿಸಲೇಬೇಕು. ಎರಡೂ ಕಡೆ ಒಣಗಿದ್ದು ಪಂಪಿನ ವಾಲ್ವ್ ಹತ್ರ ಮಾತ್ರ ಸುರೀತಿದ್ರೆ ಆಗ ಪಂಪಿನ ಮಾತು ಆಡೋಣ.

ಲಿಫ್ಟ್ ಕವರ್ ಎತ್ತೋ ಮೊದಲು ಸ್ಟ್ಯಾಂಡ್‌ಪೈಪ್ ಎಳೆದಿರಬೇಕು. ಮರೆತು ಚೈನ್‌ಬ್ಲಾಕ್ ಎಳೆದ್ರೆ ಕೊಳವೆ ಬಗ್ಗುತ್ತೆ. ವಾಪಸ್ ಕೂರಿಸುವಾಗ ಕವರಿನಿಂದ ಇಳಿಬಿದ್ದ ಉದ್ದ ಲಿವರ್ ವಾಲ್ವಿನ ಎರಡು ರೋಲರ್ ನಡುವೆ ಕೂತಿದೆಯಾ ಅಂತ ಬದಿಯ ಕಿಟಕಿಯಿಂದ ನೋಡಿ. ತಪ್ಪಿದ್ರೆ ಲಿಫ್ಟ್ ಒಂದೋ ಏಳೋದೇ ಇಲ್ಲ, ಇಲ್ಲಾ ಇಳಿಯೋದೇ ಇಲ್ಲ.

ಸಿಂಧನೂರಿನಿಂದ: ಒಂದು ಸೇರಿಸ್ತೀನಿ. ಡ್ರಾಫ್ಟ್ ಸ್ಪ್ರಿಂಗ್ (ನೆಲದ ಎಳೆತಕ್ಕ ತಕ್ಕಂಗ ಆಳ ಹಿಡಿಸೋದು) ನೋಡ್ರಿ, ಟಾಪ್ ಲಿಂಕ್ (ಉಪಕರಣ ಹಿಡಿಯೋ ಮ್ಯಾಲಿನ ಕಡ್ಡಿ) ಕೂಡೋ ಜಾಗದಾಗ. ಕೈಯಿಂದ ತಿರುಗಬೇಕು, ಹಿಂದಮುಂದ ಅಲುಗಬಾರದು. ಅಲುಗಿದ್ರ ಉಳುಮಿ ಆಳ ಒಂದೇ ಸಮ ಬರಲ್ಲ, ಜನ ಪಂಪ್ ಬೈತಾರ. ಮತ್ತ ಹೊರಗಿನ ಪೈಪಿನ ಸೋರಿಕೆ ಬೆರಳಿನಿಂದ ಹುಡುಕಬ್ಯಾಡ್ರಿ, ರಟ್ಟು ಹಿಡೀರಿ. ಒತ್ತಡದ ಆಯಿಲ್ ಚರ್ಮದೊಳಗ ಹೊಕ್ಕರ ಗಾಯ ಸೂಜಿಮೊನೆಯಷ್ಟು ಕಂಡರೂ ಆವತ್ತೇ ಶಸ್ತ್ರಚಿಕಿತ್ಸೆ ಬೇಕಾಗ್ತದ. ಎತ್ತಿದ ಕಲ್ಟಿವೇಟರ್ ಕೆಳಗ ಹೋಗೋದಿದ್ರ ಮರದ ದಿಮ್ಮಿ ಇಟ್ಟೇ ಹೋಗ್ರಿ.

ಕೇಳಿದವರು: ಗೇರ್ ವಿಷಯ ಯಾರೂ ಹೇಳ್ಲಿಲ್ಲ ಅಣ್ಣಾ.

ದಾವಣಗೆರೆಯಿಂದ: ಬರ್ತಾ ಇದ್ದೆ. ಇಳಿಜಾರಲ್ಲಿ ಮಾತ್ರ, ಒಂದೇ ಗೇರ್ ಹಾರ್ತಿದೆ ಅಂದ್ರೆ ಮೇಲಿನಿಂದ ಶುರು ಮಾಡಿ. ಗೇರ್ ಸರಿಸೋ ಶಿಫ್ಟರ್ ರಾಡನ್ನ ಜಾಗದಲ್ಲಿ ಹಿಡಿಯೋ ಪ್ಲಂಜರ್ (ಸಣ್ಣ ಒತ್ತುಗುಂಡು) ಮತ್ತು ಸ್ಪ್ರಿಂಗ್ ತೆಗೆದು ಪಕ್ಕದ ಗೇರಿನ ಸ್ಪ್ರಿಂಗ್ ಜೊತೆ ಉದ್ದ ಹೋಲಿಸಿ. ಕುಗ್ಗಿದ್ರೆ ಜೋಡಿಯಾಗಿ ಬದಲಿಸಿ. ಆಮೇಲೆ ಫೋರ್ಕ್ ಬಗ್ಗಿದೆಯಾ, ಅದರ ಬೋಲ್ಟು ಸಡಿಲ ಇದೆಯಾ ನೋಡಿ. ಫೋರ್ಕ್ ಗೇರನ್ನ ಅರ್ಧಕ್ಕೇ ತಳ್ಳಿದ್ರೆ ಹಲ್ಲಿನ ತುದಿ ಮಾತ್ರ ಕಚ್ಚುತ್ತೆ, ತುದಿ ದುಂಡಗಾಗುತ್ತೆ, ಆಮೇಲೆ ಎಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದ್ರೂ ನಿಲ್ಲಲ್ಲ. ಹಲ್ಲು ದುಂಡಗಾಗಿದ್ರೆ, ಬೇರಿಂಗ್ ಆಟ ಇದ್ರೆ ಗಾಡಿ ಎರಡು ಭಾಗ ಮಾಡದೆ ದಾರಿ ಇಲ್ಲ. ಅಲ್ಲೀವರೆಗೆ ಇಳಿಜಾರಲ್ಲಿ ಲೋಡ್ ಟ್ರಾಲಿ ಕಟ್ಟಬೇಡಿ, ಗೇರ್ ಹಾರಿದ್ರೆ ಇಂಜಿನ್ ಹಿಡಿತ ಹೋಗುತ್ತೆ.

ಗಂಗಾವತಿಯಿಂದ: ಬಿಚ್ಚೋ ಮೊದಲು ಶಬ್ದ ಕೇಳ್ರಿ. ನ್ಯೂಟ್ರಲ್‌ನಾಗ ಕ್ಲಚ್ ಬಿಟ್ಟಾಗ ಗೊರಗೊರ, ಒತ್ತಿದ್ರ ನಿಲ್ತದ ಅಂದ್ರ ಗೇರ್‌ಬಾಕ್ಸ್ ಮುಂದಿನ ಬೇರಿಂಗ್. ಒತ್ತಿದಾಗ ಮಾತ್ರ ಬಂದ್ರ ರಿಲೀಸ್ ಬೇರಿಂಗ್ (ಕ್ಲಚ್ ಬಿಡಿಸೋದು). ಲೋ ರೇಂಜಿನಾಗ ಮಾತ್ರ ಇದ್ರ ಎಪಿಸೈಕ್ಲಿಕ್ (ವೇಗ ಇಳಿಸೋ ಗೇರ್ ಗುಂಪು). ಗಾಡಿ ತಿರುಗುವಾಗ ಮಾತ್ರ ಬಂದ್ರ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕ ಬೇರೆ ಬೇರೆ ವೇಗ ಕೊಡೋ ಗೇರು).

ಕ್ಲಚ್ ಜಾರ್ತಿದ್ರ ಕ್ಲಚ್ ಹೌಸಿಂಗ್ ಅಡಿಯ ತೂತು ಒರೆಸಿ ಬಿಳೀ ಬಟ್ಟೆ ಹಿಡೀರಿ. ಕರೀ ಹನಿ ಬಿದ್ರ ಇಂಜಿನ್ ಹಿಂದಿನ ಸೀಲ್, ಜೇನುಬಣ್ಣದ್ದಾದ್ರ ಗೇರ್‌ಬಾಕ್ಸ್ ಸೀಲ್. ಗದ್ದೆಗೆ ಇಳಿಯುವಾಗ ಆ ತೂತಿಗೆ ಪ್ಲಗ್ ಹಾಕಿರ್ತೀರಿ, ಹೊರಗ ಬಂದ ಮ್ಯಾಲೆ ತೆಗೀರಿ. ಇಲ್ಲಾಂದ್ರ ಸೋರಿದ್ದೆಲ್ಲಾ ಒಳಗೇ ನಿಂತು ಕ್ಲಚ್ ಪ್ಲೇಟ್ ನೆನೀತದ.

ಸಿಂಧನೂರಿನಿಂದ: ಗಾಡಿ ಎರಡು ಭಾಗ ಮಾಡೋ ದಿನ ಬಂದ್ರ ಮುಂದಿನ ಆಕ್ಸಲ್ಲಿಗೂ ಅದರ ಮ್ಯಾಲಿನ ಬ್ರಾಕೆಟ್ಟಿಗೂ ನಡುವೆ ಎರಡೂ ಬದಿ ಮರದ ಬೆಣೆ ಹೊಡೀರಿ. ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮ್ಯಾಲೆ ತೂಗ್ತಿರ್ತದ. ಬೆಣೆ ಇಲ್ದ ಬಿಚ್ಚಿದ್ರ ಇಂಜಿನ್ ಭಾಗ ಪಕ್ಕಕ್ಕ ಮಗುಚ್ತದ.