ಸಹಾಯ ಬೇಕು: ಎರೆಹುಳುವಿನ ‘ಎರೆ’ ಯಾವುದು?

ಮಕ್ಕಳಿಗಾಗಿ ಎರೆಹುಳುವಿನ ಬಗ್ಗೆ ಒಂದು ಪುಟದ ಬರಹ ಸಿದ್ಧಪಡಿಸುತ್ತಿದ್ದು, ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಗಾಳಕ್ಕೆ ಸಿಕ್ಕಿಸುವ ತಿನಿಸನ್ನೂ ಎರೆ ಎನ್ನುತ್ತೇವೆ, ಕಪ್ಪು ಮಣ್ಣನ್ನೂ ಎರೆ ಎನ್ನುತ್ತೇವೆ. ಈ ಹುಳುವಾದರೋ ಎರಡಕ್ಕೂ ಸಲ್ಲುತ್ತದೆ, ಏಕೆಂದರೆ ಅದು ಮಣ್ಣನ್ನೇ ನುಂಗಿ ಸಾಸಿವೆಯಷ್ಟು ಸಣ್ಣ ಉಂಡೆಗಳಾಗಿ ಹೊರಹಾಕುತ್ತದೆ, ಮೀನು ಹಿಡಿಯುವವರ ಡಬ್ಬಿಯಲ್ಲಿ ಹೊರಳಾಡುವುದೂ ಅದೇ. ಕೈಗೆ ಸಿಕ್ಕ ನಿಘಂಟುಗಳನ್ನೆಲ್ಲ ತಿರುವಿ ಹಾಕಿದೆ. ಅವು ಅರ್ಥಗಳನ್ನು ಒಂದರ ಕೆಳಗೊಂದು ಕೊಟ್ಟಿವೆಯೇ ಹೊರತು ಹುಳುವಿಗೆ ಹೆಸರು ಬಂದದ್ದು ಯಾವುದರಿಂದ ಎಂಬುದನ್ನು ಹೇಳುವುದಿಲ್ಲ. ಸಂಸ್ಕೃತದ ‘ಭೂನಾಗ’ದಲ್ಲಿ ಇಂಥ ತೊಡಕಿಲ್ಲ, ಆದರೆ ಆ ಹೆಸರು ಕೇಳಿದರೆ ಮಕ್ಕಳು ಹಾವೆಂದೇ ಹೆದರಿಯಾರು! ಎರೆಹುಳು ಎಂಬ ಹೆಸರಿನ ಮೂಲ ಮಣ್ಣೋ, ಗಾಳದ ತಿನಿಸೋ ಎಂಬುದನ್ನು ಬಲ್ಲವರು ಆಧಾರಸಹಿತವಾಗಿ ತಿಳಿಸುವಿರಾ?