ಶಾಂಘೈನ ಶುಜಿಯಾಹುಯಿಗೆ ಆ ಹೆಸರು ಹೇಗೆ ಬಂತು?

ನಕ್ಷೆಹುಚ್ಚ:
ಶಾಂಘೈ ಮೆಟ್ರೋ ನಕ್ಷೆ ಸುಮ್ನೆ ನೋಡುತ್ತಾ ಕೂತಿದ್ದೆ. 1, 9, 11 ಮೂರೂ ಲೈನ್ ಸೇರುವ ಸ್ಟೇಷನ್ ಹೆಸರು ಶುಜಿಯಾಹುಯಿ. ಸುತ್ತಮುತ್ತ ಬರೀ ಮಾಲ್‌ಗಳು. ಇದು ಹಳೇ ಕಾಲದ ಒಬ್ಬ ವಿದ್ವಾಂಸನ ಹೆಸರು ಅಂತಾರೆ, ನಿಜಾನಾ?

ಹಳೇಶಾಯಿ:
ಮುಕ್ಕಾಲು ನಿಜ. 'ಶು' ಮನೆತನದ ಹೆಸರು, 'ಜಿಯಾ' ಅಂದರೆ ಮನೆ, 'ಹುಯಿ' ಅಂದರೆ ಕೂಡುವುದು. ಕೂಡುತ್ತಿದ್ದದ್ದು ಕಾಲುವೆಗಳು. ಕನ್ನಡದಲ್ಲಿ ಹೇಳುವುದಾದರೆ 'ಶು ಮನೆಯವರ ಕೂಡಲ'. ವಿದ್ವಾಂಸರು ಶು ಗುವಾಂಗ್‌ಚಿ, ಚೀನಾದ ಮಿಂಗ್ ರಾಜವಂಶದ ಕಾಲದ ದೊಡ್ಡ ಅಧಿಕಾರಿ. 1562ರಲ್ಲಿ ಶಾಂಘೈನಲ್ಲೇ ಹುಟ್ಟಿ, 1633ರಲ್ಲಿ ಬೀಜಿಂಗ್‌ನಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಮಾತ್ರ ಇಲ್ಲಿ. ಮನೆಯವರು ಸಮಾಧಿಯ ಹತ್ತಿರವೇ ನೆಲೆಸಿದ್ದರಿಂದ ಹೆಸರು ಉಳಿಯಿತು.

ತ್ರಿಕೋನ:
ನನಗೆ ಇಷ್ಟವಾದದ್ದು ಅವರು ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ರೇಖಾಗಣಿತದ ಪುಸ್ತಕವನ್ನು ಅನುವಾದಿಸಿದ್ದು. ಇಟಲಿಯ ಪಾದ್ರಿ ಮತ್ತೇಯೋ ರಿಚ್ಚಿ ಬಾಯಲ್ಲಿ ಹೇಳುತ್ತಿದ್ದರು, ಇವರು ಚೀನೀ ಭಾಷೆಯಲ್ಲಿ ಬರೆದುಕೊಳ್ಳುತ್ತಿದ್ದರು, ಹಾಗೆ 13 ಭಾಗಗಳಲ್ಲಿ ಮೊದಲ 6 ಭಾಗ 1607ರಲ್ಲಿ ಹೊರಬಂತು. ಅದಕ್ಕೆ ಇಟ್ಟ ಪದ 'ಜಿಹೆ', ಮಾಮೂಲಿ ಅರ್ಥ 'ಎಷ್ಟು?'. ಇವತ್ತಿಗೂ ಚೀನಾದ ಶಾಲೆಗಳಲ್ಲಿ ರೇಖಾಗಣಿತಕ್ಕೆ ಅದೇ ಹೆಸರು! ಅದೇ ವರ್ಷ ಅಪ್ಪ ತೀರಿಕೊಂಡು ಇವರು ಊರಿಗೆ ಬಂದರು. ಉಳಿದ ಭಾಗಗಳು ಚೀನೀ ಭಾಷೆಗೆ ಬರಲು 1857ರವರೆಗೆ ಕಾಯಬೇಕಾಯಿತು. ಊರಿಗೆ ಬಂದ ಶು ಸುಮ್ಮನೆ ಕೂರಲಿಲ್ಲ, ದಕ್ಷಿಣದ ಫುಜಿಯನ್ ಕಡೆಯಿಂದ ಸಿಹಿಗೆಣಸಿನ ಬಳ್ಳಿ ತರಿಸಿ ನೆಟ್ಟು ನೋಡಿದರು. ಬರಗಾಲಕ್ಕೆ ಆಗುತ್ತೆ ಅಂತ.

ನಕ್ಷೆಹುಚ್ಚ:
ನಾನು ಮೆಟ್ರೋ ಲೈನ್ ಕೂಡುವುದಕ್ಕೇ ಆ ಹೆಸರು ಅಂದುಕೊಂಡಿದ್ದೆ 😄 ಆ ಕಾಲುವೆಗಳು ಈಗ ಎಲ್ಲಿವೆ?

ಹಳೇಶಾಯಿ:
ರಸ್ತೆ ಕೆಳಗೆ. ಝಾವೊಜಿಯಾಬಾಂಗ್ ಕಾಲುವೆ ಗಬ್ಬು ನಾರುವ ಚರಂಡಿಯಾಗಿತ್ತು, 1950ರ ದಶಕದಲ್ಲಿ ಮುಚ್ಚಿ ಅಗಲವಾದ ರಸ್ತೆ ಮಾಡಿದರು. ರಸ್ತೆಯ ಹೆಸರಲ್ಲಿ 'ಬಾಂಗ್' ಇನ್ನೂ ಇದೆ, ಅಂದರೆ ಸಣ್ಣ ಕಾಲುವೆ. ಸಮಾಧಿ ನೋಡಬೇಕಾದರೆ ಗುವಾಂಗ್‌ಚಿ ಪಾರ್ಕ್‌ಗೆ ಹೋಗಿ. ಶು ಗುವಾಂಗ್‌ಚಿ ಕ್ರೈಸ್ತರಾಗಿದ್ದರು, ಅದಕ್ಕೇ ಜೆಸುಯಿಟ್ ಪಾದ್ರಿಗಳು 1847ರಲ್ಲಿ ಇಲ್ಲೇ ಬಂದು ನೆಲೆಸಿದರು. ಹತ್ತಿರದ ಅವಳಿ ಗೋಪುರದ ದೊಡ್ಡ ಚರ್ಚ್ 1910ರದ್ದು. ಹಳೇ ನಕ್ಷೆಯಲ್ಲಿ 'ಝಿಕಾವೇ' ಅಂತ ಕಂಡರೆ ಗಾಬರಿ ಬೇಡ, ಶಾಂಘೈ ಮಾತಿನಲ್ಲಿ ಅದೇ ಜಾಗ.

ನಕ್ಷೆಹುಚ್ಚ:
ಹಾಗಾದರೆ ಶುಹುಯಿ ಜಿಲ್ಲೆ ಬೇರೆನಾ?

ತ್ರಿಕೋನ:
ಜಿಲ್ಲೆ ದೊಡ್ಡದು, ಶುಜಿಯಾಹುಯಿ ಅದರೊಳಗಿನ ಒಂದು ಭಾಗ. ಹೆಸರು ಮಾತ್ರ ಅದೇ, ನಡುವಿನ 'ಮನೆ' ಬಿಟ್ಟುಹೋಗಿದೆ ಅಷ್ಟೇ.